ಗಣಕಕ್ಕೂ ಯಂತ್ರಕ್ಕೂ ನಡುವಣ ದುಭಾಷಿ

ಗಡಿನಾಡಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಶಾಸನಗಳಿಗೂ, ದೇವಾಲಯಗಳಿಗೂ, ಶರಣರ ಪರಂಪರೆಗೂ, ಕನ್ನಡ ಶಾಲೆಗಳ ಏಳುಬೀಳುಗಳಿಗೂ ಮೊದಲ ಮಣೆ ಸಲ್ಲುವುದು ನ್ಯಾಯವಾದುದೇ ಆಗಿದೆ. ಆದರೆ ನಾಡಿನ ಚರಿತ್ರೆ ಕಲ್ಲಿನ ಮೇಲೆ ಕಂಡರಿಸಲ್ಪಟ್ಟಂತೆಯೇ ಕಬ್ಬಿಣದ ಮೇಲೂ ಕಂಡರಿಸಲ್ಪಟ್ಟಿದೆ. ನಾರಾಯಣಖೇಡ, ಜಹೀರಾಬಾದು, ತಾಂಡೂರುಗಳ ಸುತ್ತಣ ಹಳ್ಳಿಗಳಿಂದ ನಮ್ಮ ಹುಡುಗರು ಈಗ ಹೊಲಕ್ಕೆ ಹೋಗುವಂತೆಯೇ ಕಾರ್ಖಾನೆಗೂ ಹೋಗುತ್ತಿದ್ದಾರೆ. ಅಲ್ಲಿ ಅವರು ನಿಲ್ಲುವುದು ಲೇತಿನ ಮುಂದೆ, ಮಿಲ್ಲಿಂಗ್ ಯಂತ್ರದ ಮುಂದೆ. ಆ ಯಂತ್ರಗಳನ್ನಾದರೋ ಬಹುಪಾಲು ಗಣಕಗಳೇ ನಡೆಸುತ್ತವೆ. ಗಣಕವು ಯಂತ್ರಕ್ಕೆ ಅಪ್ಪಣೆಯಿತ್ತು, ಯಂತ್ರದಿಂದ ವರದಿ ಪಡೆದು, ಮತ್ತೆ ಅಪ್ಪಣೆ ಕೊಡುವ ಈ ವ್ಯವಹಾರದಲ್ಲಿ ಎರಡರ ನಡುವೆ ನಿಲ್ಲುವ ಸಣ್ಣ ಸಾಧನವೊಂದಿದೆ. ಇಂಟರ್‌ಫೇಸ್ ಕಾರ್ಡು ಎಂದು ಅದನ್ನು ಕರೆಯುತ್ತಾರೆ. ಅಂಗೈಯಗಲದ ಆ ಫಲಕವನ್ನು ಆರಿಸುವ ವಿವೇಕ ಹೇಗೆ ಬೆಳೆದುಬಂದಿತೆಂಬುದೇ ಈ ಲೇಖನದ ವಿಷಯ.

ವಿಷಯ ಶುಷ್ಕವೆಂದು ತೋರಬಹುದು. ಆದರೆ ಇದರಲ್ಲಿ ನಮ್ಮವರ ಅನ್ನದ ಪ್ರಶ್ನೆಯಿದೆ. ಯಂತ್ರದ ಒಡಲು ಗಟ್ಟಿಯಾಗಿದ್ದರೂ ಅದರ ಮಿದುಳು ಕೆಟ್ಟಿತೆಂಬ ಒಂದೇ ಕಾರಣದಿಂದ ಗುಜರಿಗೆ ಸಾಗುವ ಲೇತುಗಳುಂಟು. ಆ ಮಿದುಳನ್ನು ಹೊಸದಾಗಿ ಕೂಡಿಸಬಲ್ಲ ಕುಶಲಿಯೊಬ್ಬನು ಊರಿನಲ್ಲಿದ್ದರೆ ಯಂತ್ರವೂ ಉಳಿಯುವುದು, ಅದನ್ನು ನಂಬಿದ ಮನೆಗಳೂ ಉಳಿಯುವುವು.

ಕೈಯೇ ಯಂತ್ರವಾಗಿದ್ದ ಕಾಲ

1956ರ ನವೆಂಬರ್ 1ಕ್ಕೆ ಮುನ್ನ ನಾರಾಯಣಖೇಡ, ಜಹೀರಾಬಾದು ತಾಲ್ಲೂಕುಗಳು ಬೀದರ ಜಿಲ್ಲೆಗೂ, ತಾಂಡೂರು ತಾಲ್ಲೂಕು ಗುಲಬರ್ಗಾ ಜಿಲ್ಲೆಗೂ ಸೇರಿದ್ದುವು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರವೂ ಗುಲಬರ್ಗೆಯೂ ಅಂದಿನ ಮೈಸೂರು ರಾಜ್ಯಕ್ಕೆ ಬಂದುವು. ನಾರಾಯಣಖೇಡ, ತಾಂಡೂರು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದು ಇವು ಆಂಧ್ರಪ್ರದೇಶಕ್ಕೆ ಸೇರಿದುವು. 2014ರಿಂದ ಇವು ತೆಲಂಗಾಣದಲ್ಲಿವೆ. 2016ರ ಜಿಲ್ಲಾ ವಿಂಗಡಣೆಯಲ್ಲಿ ಮೊದಲಿನ ಎರಡು ಸಂಗಾರೆಡ್ಡಿಗೂ, ತಾಂಡೂರು ವಿಕಾರಾಬಾದಿಗೂ ಸೇರಿದುವು. ಗಡಿ ಸರಿದರೂ ಕಸುಬುಗಳು ಸರಿಯಲಿಲ್ಲ. ಬೀದರದ ಬಿದರಿ ಕೆಲಸಗಾರನೂ ತಾಂಡೂರಿನ ಕಲ್ಲುಕುಟಿಗನೂ ತಮ್ಮ ತಮ್ಮ ಉಳಿಗಳನ್ನು ಹಿಡಿದೇ ಇದ್ದರು.

ಯಂತ್ರನಿಯಂತ್ರಣದ ತತ್ತ್ವವನ್ನು ತಿಳಿಯಬಯಸುವವರು ಮೊದಲು ಬಿದರಿಯ ಕೆಲಸವನ್ನು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯ ಮೇಲೆ ಕುಶಲಿಯು ಉಳಿಯಿಂದ ಗೀರು ತೆಗೆಯುತ್ತಾನೆ; ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸುತ್ತಾನೆ; ಕೊನೆಗೆ ಬೀದರದ ಹಳೆಯ ಕೋಟೆಯ ಮಣ್ಣಿನ ಸಂಸ್ಕಾರದಿಂದ ಲೋಹವು ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಉಳಿ ನಡೆಯುವಾಗ ಆತನ ಕಣ್ಣು ಗೀರನ್ನು ಅಳೆಯುತ್ತಿರುತ್ತದೆ, ಬುದ್ಧಿ ಅದನ್ನು ಮನಸ್ಸಿನಲ್ಲಿರುವ ಬಳ್ಳಿಯೊಡನೆ ಹೋಲಿಸುತ್ತಿರುತ್ತದೆ, ಕೈ ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತಿರುತ್ತದೆ. ಅಪ್ಪಣೆ, ಅಳತೆ, ತಿದ್ದುಪಡಿ ಈ ಮೂರೂ ಒಂದರ ಹಿಂದೊಂದು ತಡೆಯಿಲ್ಲದೆ ಸುತ್ತುತ್ತವೆ. ತಿದ್ದುಪಡಿ ತಡವಾಗಿ ಬಂದರೆ ಫಲವಿಲ್ಲ. ಉಳಿ ಜಾರಿದ ಮೇಲೆ ಬಂದ ಜಾಣತನದಿಂದ ಪಾತ್ರೆ ಸರಿಹೋಗದು. ಇಂದಿನ ಶಾಸ್ತ್ರಜ್ಞರು ಸಕಾಲಿಕ ನಿಯಂತ್ರಣವೆಂದು ಕರೆಯುವುದು ಇದನ್ನೇ.

ಕನ್ನಡ ನಾಡಿಗೆ ಯಂತ್ರೋಪಕರಣಗಳು ಬಂದ ಬಗೆ

ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗೆ ಯಂತ್ರೋಪಕರಣಗಳೆಂದು ಹೆಸರು. ಲೇತು, ಮಿಲ್ಲಿಂಗ್ ಯಂತ್ರ, ಕೊರೆಯುವ ಯಂತ್ರ, ಸಾಣೆಯ ಯಂತ್ರ ಇವೆಲ್ಲವೂ ಆ ಜಾತಿಗೆ ಸೇರಿದುವು. ಕನ್ನಡ ನಾಡಿನಲ್ಲಿ ಇವುಗಳ ತಯಾರಿಕೆಗೆ ಹಳೆಯ ಇತಿಹಾಸವಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ನೆಲೆಗೊಂಡು ಲೇತುಗಳನ್ನು ತಯಾರಿಸಿತು. 1953ರಲ್ಲಿ ಭಾರತ ಸರಕಾರವು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ತಾಂತ್ರಿಕ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಎಚ್.ಎಂ.ಟಿ. ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಕೈಗಡಿಯಾರವೇ ಆದರೂ, ಆ ಸಂಸ್ಥೆ ಹುಟ್ಟಿದ್ದು ಲೇತಿಗಾಗಿ. ಗಡಿಯಾರ ಬಂದುದು 1961ರಲ್ಲಿ. 1962ರಲ್ಲಿ ಚೆಕೊಸ್ಲೊವಾಕಿಯಾದ ಸಹಕಾರದಿಂದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯು ಸಂಶೋಧನೆಗಾಗಿ ಸ್ಥಾಪಿತವಾಯಿತು. ಸಿ.ಎಂ.ಟಿ.ಐ. ಎಂದು ಪ್ರಸಿದ್ಧವಾದ ಈ ಸಂಸ್ಥೆ 1982ರಲ್ಲಿ ಪ್ರಕಟಿಸಿದ ಯಂತ್ರೋಪಕರಣ ವಿನ್ಯಾಸದ ಕೈಪಿಡಿಯು ದೇಶದ ಎಂಜಿನಿಯರುಗಳ ಮೇಜಿನ ಮೇಲೆ ಬಹುಕಾಲ ಇದ್ದಿತು.

ನಮಗೆ ಸಮೀಪವಾದ ಹೈದರಾಬಾದೂ ಹಿಂದುಳಿದಿರಲಿಲ್ಲ. ಸಿಕಂದರಾಬಾದಿನಲ್ಲಿ 1943ರಲ್ಲಿ ಪ್ರಾಗಾ ಟೂಲ್ಸ್ ಸಂಸ್ಥೆ ಆರಂಭವಾಗಿದ್ದಿತು. 1960ರ ದಶಕದಲ್ಲಿ ಎಚ್.ಎಂ.ಟಿ.ಯು ಹೈದರಾಬಾದಿನಲ್ಲಿಯೂ ತನ್ನ ಒಂದು ಘಟಕವನ್ನು ತೆರೆಯಿತು. 1980ರ ದಶಕದಲ್ಲಿ ಜಹೀರಾಬಾದಿನಲ್ಲಿಯೇ ಆಲ್ವಿನ್ ನಿಸ್ಸಾನ್ ಸಂಸ್ಥೆಯ ಲಘು ಲಾರಿಗಳ ಕಾರ್ಖಾನೆ ಬಂದಿತು. ಅದು ಮುಂದೆ ಮಹೀಂದ್ರ ಸಂಸ್ಥೆಗೆ ಸೇರಿತು. 2010ರ ದಶಕದಲ್ಲಿ ಅಲ್ಲಿ ಟ್ರ್ಯಾಕ್ಟರುಗಳ ತಯಾರಿಕೆಯೂ ತೊಡಗಿತು. ಹೀಗೆ ಪೂರ್ವದಲ್ಲಿ ಹೈದರಾಬಾದು, ನೈಋತ್ಯದ ದೂರದಲ್ಲಿ ಹರಿಹರ, ದಕ್ಷಿಣದ ದೂರದಲ್ಲಿ ಬೆಂಗಳೂರು, ನಡುಮನೆಯಲ್ಲಿಯೇ ಜಹೀರಾಬಾದು ಎಂಬಂತೆ ಯಂತ್ರಗಳ ವಿದ್ಯೆ ನಮ್ಮನ್ನು ಸುತ್ತುವರಿದಿದೆ.

ಆ ಮೊದಲ ಯಂತ್ರಗಳನ್ನು ನಡೆಸುತ್ತಿದ್ದುದು ಮಾನವನ ಕೈ. ಕೈಚಕ್ರವನ್ನು ತಿರುಗಿಸಿ, ಅದರ ಅಂಚಿನ ಗೆರೆಗಳನ್ನೆಣಿಸಿ, ಮೈಕ್ರೊಮೀಟರಿನಿಂದ ಅಳೆದು, ಕೆಲಸಗಾರನು ಉಕ್ಕನ್ನು ಕಡೆಯುತ್ತಿದ್ದನು. ಬಿದರಿಯ ಕುಶಲಿಯ ಕಣ್ಣು, ಬುದ್ಧಿ, ಕೈಗಳೇ ಇಲ್ಲಿಯೂ ದುಡಿದುವು. ಉಳಿಯ ಬದಲು ಯಂತ್ರ ಬಂದಿದ್ದಿತು, ಅಷ್ಟೇ.

ತೂತಿನ ಪಟ್ಟಿಯಿಂದ ಗಣಕದವರೆಗೆ

ಯಂತ್ರಕ್ಕೆ ಬರೆಹದ ಮೂಲಕ ಅಪ್ಪಣೆ ಕೊಡುವ ಯೋಚನೆ ಮೊದಲು ಮಗ್ಗದಲ್ಲಿ ಸಿದ್ಧಿಸಿತು. 1804ರ ಹೊತ್ತಿಗೆ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡನು ತೂತುಗಳುಳ್ಳ ರಟ್ಟಿನ ಸರಮಾಲೆಯಿಂದ ರೇಷ್ಮೆಯ ಮಗ್ಗವನ್ನು ನಡೆಸಿದನು. ಆದರೆ ಉಕ್ಕನ್ನು ಕಡೆಯುವ ಯಂತ್ರಕ್ಕೆ ಆ ಉಪಾಯವನ್ನು ಅಳವಡಿಸಲು ಮತ್ತೊಂದೂವರೆ ಶತಮಾನ ಬೇಕಾಯಿತು. ಅಮೆರಿಕೆಯ ಮಿಶಿಗನ್ ಸಂಸ್ಥಾನದ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಗಳನ್ನು ತೂತಿನ ಕಾರ್ಡುಗಳ ಎಣಿಕೆ ಯಂತ್ರದಿಂದ ಲೆಕ್ಕಹಾಕಿಸುತ್ತಿದ್ದರು. ಆ ಅಂಕಿಗಳೇ ಯಂತ್ರವನ್ನು ನಡೆಸಬಾರದೇಕೆ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿತು. 1949ರಲ್ಲಿ ಅಮೆರಿಕೆಯ ವಾಯುಪಡೆ ಆ ಕೆಲಸಕ್ಕೆ ಹಣವೊದಗಿಸಿತು. 1952ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯವರು ತೂತಿನ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಜಗತ್ತಿನೆದುರು ಪ್ರದರ್ಶಿಸಿದರು. ನಿರ್ವಾತ ನಳಿಕೆಗಳಿಂದ ತುಂಬಿದ ಅದರ ನಿಯಂತ್ರಣದ ಬೀರುಗಳು ಯಂತ್ರಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿದ್ದುವು.

ಅದೇ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಬೇರೊಂದು ದಾರಿಯನ್ನೂ ಹಿಡಿದಿದ್ದಿತು. ನುರಿತ ಕೆಲಸಗಾರನು ಮೊದಲ ತುಂಡನ್ನು ತನ್ನ ಕೈಯಿಂದ ಕಡೆಯುವಾಗ ಯಂತ್ರದ ಚಲನೆಗಳನ್ನು ಕಾಂತಪಟ್ಟಿಯ ಮೇಲೆ ಮುದ್ರಿಸಿಕೊಂಡು, ಮುಂದಿನ ತುಂಡುಗಳಿಗೆ ಅದನ್ನೇ ಮರಳಿ ನುಡಿಸುವುದು ಆ ದಾರಿ. ಅದರಲ್ಲಿ ವಿದ್ಯೆಯ ಮೂಲ ಕೆಲಸಗಾರನೇ. ಪಾರ್ಸನ್ಸರ ದಾರಿಯಲ್ಲಾದರೋ ವಿದ್ಯೆಯು ಕಾರ್ಖಾನೆಯ ನೆಲದಿಂದ ಎದ್ದು ಕಚೇರಿಯ ಮೇಜಿಗೆ ಹೋಯಿತು. ಕ್ಲಿಷ್ಟ ವಕ್ರರೇಖೆಗಳಿಗೆ ಈ ಎರಡನೆಯದೇ ಯೋಗ್ಯವಾದುದರಿಂದ ಜಗತ್ತು ಅದನ್ನೇ ಹಿಡಿಯಿತು. ಯಾವ ನಿಯಂತ್ರಣವನ್ನು ಆರಿಸುತ್ತೇವೆಂಬುದರೊಡನೆ ವಿದ್ಯೆ ಯಾರ ಕೈಯಲ್ಲಿ ಉಳಿಯುವುದೆಂಬುದೂ ನಿರ್ಣಯವಾಗುತ್ತದೆಂಬ ಪಾಠವನ್ನು ಈ ಪ್ರಸಂಗದಿಂದ ನಾವು ನೆನಪಿಡಬೇಕು.

1971ರಲ್ಲಿ ಇಂಟೆಲ್ ಸಂಸ್ಥೆಯ ಮೈಕ್ರೊಪ್ರೊಸೆಸರು ಮಾರುಕಟ್ಟೆಗೆ ಬಂದ ಬಳಿಕ ಬೀರುಗಳು ಪೆಟ್ಟಿಗೆಗಳಾದುವು. ಅಂಕಿ ನಿಯಂತ್ರಣವು ಗಣಕದ ಅಂಕಿ ನಿಯಂತ್ರಣವಾಯಿತು. ಸಿ.ಎನ್.ಸಿ. ಎಂಬುದು ಅದರ ಸಂಕ್ಷೇಪ. ಜಪಾನಿನ ಫ್ಯಾನುಕ್, ಜರ್ಮನಿಯ ಸೀಮೆನ್ಸ್ ಮೊದಲಾದ ಕೆಲವೇ ಸಂಸ್ಥೆಗಳು ಈ ಪೆಟ್ಟಿಗೆಗಳ ತಯಾರಿಕೆಯಲ್ಲಿ ಮುಂದಾದುವು. ನಮ್ಮ ದೇಶದಲ್ಲಿಯೂ ಯಂತ್ರದ ಎರಕ, ಹಾಸು, ಕದಿರು, ಹಲ್ಲುಚಕ್ರಗಳೆಲ್ಲ ತಯಾರಾಗತೊಡಗಿದರೂ, ನಿಯಂತ್ರಣದ ಪೆಟ್ಟಿಗೆ ಮಾತ್ರ ಬಹುಮಟ್ಟಿಗೆ ಹೊರನಾಡಿನದೇ ಆಗಿ ಉಳಿಯಿತು. ಒಡಲು ನಮ್ಮದು, ಮಿದುಳು ಎರವಿನದು ಎಂಬ ಸ್ಥಿತಿಯೊದಗಿತು. ಆ ಪೆಟ್ಟಿಗೆಯ ಒಳಗು ಮುಚ್ಚಿದ್ದುದರಿಂದ, ಕೆಟ್ಟಾಗ ತಯಾರಕರ ಬಳಿಗೇ ಹೋಗಬೇಕು. ತಯಾರಕರು ಆ ಮಾದರಿಯನ್ನು ನಿಲ್ಲಿಸಿದ್ದರೆ ಯಂತ್ರವೂ ನಿಂತಂತೆಯೇ. ಹರಿಹರದ ಕಾರ್ಖಾನೆ ಹೊಸ ಶತಮಾನದ ಆದಿಯಲ್ಲಿ ಮುಚ್ಚಿತು; ಎಚ್.ಎಂ.ಟಿ.ಯ ಹಿಂದಿನ ವೈಭವವೂ ಇಂದು ಉಳಿದಿಲ್ಲ. ಆದರೆ ಅವು ಎರಕಹೊಯ್ದ ಯಂತ್ರಗಳ ಒಡಲು ಇನ್ನೂ ಸೇವೆಗೆ ಸಿದ್ಧವಾಗಿದೆ.

ಮನೆಯ ಗಣಕವು ಕಾರ್ಖಾನೆಗೆ ಬಂದುದು

1981ರಲ್ಲಿ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಗಣಕವು ಹೊರಬಂದಿತು. ಮುದ್ರಣಯಂತ್ರವನ್ನು ಜೋಡಿಸಲೆಂದು ಅಂತಹ ಗಣಕಗಳ ಬೆನ್ನಿಗೆ 25 ಮೊಳೆಗಳ ಒಂದು ದ್ವಾರವಿರುತ್ತಿದ್ದಿತು. ಅವುಗಳಲ್ಲಿ 12 ತಂತಿಗಳಿಂದ ಗಣಕವು ಹೊರಗೆ ಸಂಜ್ಞೆ ಕಳುಹಿಸಬಹುದು, 5 ತಂತಿಗಳಿಂದ ಒಳಗೆ ಸಂಜ್ಞೆ ಪಡೆಯಬಹುದು. ಉಳಿದ 8 ನೆಲದ ತಂತಿಗಳು. ಕಾಗದಕ್ಕೆ ಅಕ್ಷರ ಕಳುಹಿಸುವ ಈ ದ್ವಾರದಿಂದ ಮೋಟಾರಿಗೂ ಮಿಡಿತ ಕಳುಹಿಸಬಹುದೆಂದು ಕುಶಲಿಗಳು ಕಂಡುಕೊಂಡರು. 1990ರ ದಶಕದಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಯು ಸಾಮಾನ್ಯ ಗಣಕದ ಮೇಲೆ ನಡೆಯುವ ಯಂತ್ರನಿಯಂತ್ರಣದ ಕ್ರಮವಿಧಿಯೊಂದನ್ನು ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದೇ ಬೆಳೆದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಿಂದ ಇಂದು ಜಗತ್ತಿನ ಅನೇಕ ಸಣ್ಣ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ಅದರ ಒಳಗು ಎಲ್ಲರಿಗೂ ತೆರೆದಿದೆ. ಓದಬಲ್ಲವನು ಓದಿ ತಿದ್ದಬಹುದು. ಕಚೇರಿಗೆ ಹೋಗಿದ್ದ ವಿದ್ಯೆ ಮರಳಿ ಕಾರ್ಖಾನೆಯ ನೆಲಕ್ಕೆ ಇಳಿಯಲು ಇದೊಂದು ಮೆಟ್ಟಿಲಾಯಿತು.

ಆದರೆ ಇಲ್ಲಿಯೇ ವೇಗದ ಪ್ರಶ್ನೆ ಎದ್ದಿತು. ಓದುಗರು ಸಣ್ಣದೊಂದು ಲೆಕ್ಕವನ್ನು ನಮ್ಮೊಡನೆ ಮಾಡಿ ನೋಡಬೇಕೆಂದು ಕೋರುತ್ತೇವೆ. ಸಾಮಾನ್ಯವಾದ ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಪೂರೈಸುತ್ತದೆ. ಅದರ ಡ್ರೈವು ಒಂದೊಂದು ಹೆಜ್ಜೆಯನ್ನೂ 10 ಪಾಲು ಮಾಡಿದರೆ ಸುತ್ತಿಗೆ 2,000 ಮಿಡಿತಗಳು ಬೇಕು. ಮೋಟಾರು ತಿರುಗಿಸುವ ತಿರುಪು ಒಂದು ಸುತ್ತಿಗೆ 5 ಮಿಲಿಮೀಟರು ಮುಂದೆ ಸಾಗಿಸುವುದಾದರೆ, ಒಂದು ಮಿಲಿಮೀಟರಿಗೆ 400 ಮಿಡಿತಗಳಾದುವು. ಯಂತ್ರದ ಮೇಜು ನಿಮಿಷಕ್ಕೆ 6 ಮೀಟರು, ಎಂದರೆ ಸೆಕೆಂಡಿಗೆ 100 ಮಿಲಿಮೀಟರು ಓಡಬೇಕಾದರೆ ಗಣಕವು ಸೆಕೆಂಡಿಗೆ 40,000 ಮಿಡಿತಗಳನ್ನು ಕಳುಹಿಸಬೇಕು. ಒಂದೊಂದಕ್ಕೂ ದೊರೆಯುವ ಕಾಲ 25 ಮೈಕ್ರೊಸೆಕೆಂಡು; ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ಮೈಕ್ರೊಸೆಕೆಂಡು ಎಂದು ಹೆಸರು. ಮಿಡಿತಕ್ಕೆ ಏರು, ಇಳಿವು ಎರಡೂ ಇರುವುದರಿಂದ, ಗಣಕವು 12.5 ಮೈಕ್ರೊಸೆಕೆಂಡಿಗೊಮ್ಮೆ ತನ್ನ ಉಳಿದ ಕೆಲಸಗಳನ್ನೆಲ್ಲ ಬಿಟ್ಟು ದ್ವಾರಕ್ಕೆ ಓಡಿಬರಬೇಕು. ಇದು ಒಂದು ದಿಕ್ಕಿನ ಚಲನೆಗೆ. ಯಂತ್ರಕ್ಕಾದರೋ ಮೂರು ದಿಕ್ಕುಗಳು.

ವೇಗವೂ ಹೊತ್ತಿನ ನಿಷ್ಠೆಯೂ

ಗಣಕವು ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕಗಳನ್ನು ಮಾಡಬಲ್ಲುದಾದುದರಿಂದ ಇದೇನು ಮಹಾ ಕಾರ್ಯವೆಂದು ಕೆಲವರು ಕೇಳಬಹುದು. ನಮ್ಮ ಹಳ್ಳಿಗಳ ಭಜನೆಯನ್ನು ನೆನೆದುಕೊಂಡರೆ ಉತ್ತರ ದೊರೆಯುವುದು. ತಾಳ ಹಾಕುವವನು ಕ್ಷಣಕ್ಕೆ ನೂರು ಬಾರಿ ಕೈತಟ್ಟಬಲ್ಲನೆಂದರೆ ಪ್ರಯೋಜನವಿಲ್ಲ. ಬೀಳಬೇಕಾದ ಹೊತ್ತಿಗೆ ತಾಳ ಬೀಳಬೇಕು. ಸಾವಿರ ಬಾರಿ ಸರಿಯಾಗಿ ಹಾಕಿ ಒಮ್ಮೆ ಮಾತ್ರ ನೆರೆಯವನೊಡನೆ ಮಾತಿಗೆ ತೊಡಗಿದರೆ ಆ ಒಂದೇ ಗಳಿಗೆಯಲ್ಲಿ ಹಾಡು ಕೆಡುವುದು. ಸಾಮಾನ್ಯ ಗಣಕಕ್ಕೆ ಇಂತಹ ನೆರೆಯವರು ಬಹಳ. ಪರದೆಯ ಮೇಲೆ ಚಿತ್ರ ಬರೆಯಬೇಕು, ತಟ್ಟೆಯಿಂದ ಕಡತ ಓದಬೇಕು, ತನ್ನ ಶಾಖವನ್ನು ತಾನೇ ನೋಡಿಕೊಳ್ಳಬೇಕು. ಈ ಗಡಿಬಿಡಿಯಲ್ಲಿ ಮಿಡಿತವೊಂದು ತಡವಾದರೆ ಸ್ಟೆಪ್ಪರ್ ಮೋಟಾರು ತೊದಲಿ ಹೆಜ್ಜೆ ತಪ್ಪುತ್ತದೆ. ಹೆಜ್ಜೆ ತಪ್ಪಿದುದು ಗಣಕಕ್ಕೆ ತಿಳಿಯದು. ಅಲ್ಲಿಂದ ಮುಂದಿನ ಕಡೆತವೆಲ್ಲ ಓರೆಯಾಗುವುದು. ಸರ್ವೊ ಮೋಟಾರಿನ ಯಂತ್ರದಲ್ಲಿಯೂ ಹಾಗೆಯೇ: ಸೆಕೆಂಡಿಗೆ 100 ಮಿಲಿಮೀಟರು ಓಡುವ ಮೇಜಿಗೆ ಅಪ್ಪಣೆಯು 100 ಮೈಕ್ರೊಸೆಕೆಂಡು ತಡವಾದರೆ, ಅಷ್ಟರಲ್ಲಿ ಅದು ಮಿಲಿಮೀಟರಿನ ನೂರರಲ್ಲೊಂದು ಪಾಲು ಸರಿದಿರುತ್ತದೆ. ಬೇರಿಂಗು ಕೂಡಿಸುವ ದಂಡಕ್ಕೆ ಅಷ್ಟೇ ದೋಷ ಸಾಕು; ದಂಡ ಸಡಿಲವಾಗುವುದು, ಇಲ್ಲವೆ ಒಳಹೋಗದು.

ಆದುದರಿಂದ ಗಣಕವು ಸಾಮಾನ್ಯವಾಗಿ ಎಷ್ಟು ಬೇಗ ಉತ್ತರಿಸುತ್ತದೆಂಬ ಸರಾಸರಿಯಿಂದ ಈ ಕೆಲಸಕ್ಕೆ ಪ್ರಯೋಜನವಿಲ್ಲ. ಅತಿ ತಡವಾದಾಗ ಎಷ್ಟು ತಡಮಾಡುತ್ತದೆಂಬುದೇ ನೋಡಬೇಕಾದ ಅಂಕಿ. ಹೊಸದಾದ ದುಬಾರಿ ಗಣಕವು ಈ ಪರೀಕ್ಷೆಯಲ್ಲಿ ಸೋತು, ಹಳೆಯದಾದ ಅಗ್ಗದ ಗಣಕ ಗೆಲ್ಲುವುದೂ ಉಂಟು. ಏಕೆಂದರೆ ಕೆಲವು ಗಣಕಗಳು ನಡೆಸುವವನಿಗೂ ತಿಳಿಸದೆ ಒಳಗೊಳಗೇ ಮನೆಗೆಲಸ ಮಾಡಿಕೊಳ್ಳುತ್ತವೆ. ಹೊತ್ತಿನ ನಿಷ್ಠೆಯನ್ನು ಕಾಯ್ದುಕೊಳ್ಳುವ ವಿಶೇಷ ವ್ಯವಸ್ಥೆ ಲಿನಕ್ಸ್ ಕ್ರಮವಿಧಿಯಲ್ಲಿ ಬಹುಕಾಲ ಹೊರಗಿನ ಸೇರ್ಪಡೆಯಾಗಿದ್ದು, 2024ರಲ್ಲಿ ಅದರ ಮೂಲದೊಳಗೇ ಸ್ಥಾನ ಪಡೆಯಿತು. ಆ ವ್ಯವಸ್ಥೆಯಿದ್ದರೂ ಗಣಕವನ್ನು ಕೊಳ್ಳುವ ಮೊದಲು, ಪರದೆಯ ಮೇಲೆ ಚಿತ್ರಗಳನ್ನೋಡಿಸುತ್ತ, ಕಡತಗಳನ್ನು ಓದಿಸುತ್ತ, ಗಂಟೆಗಟ್ಟಲೆ ವಿಳಂಬವನ್ನು ಅಳೆದು ನೋಡುವುದು ಜಾಣರ ಕ್ರಮ. ಎತ್ತನ್ನು ಕೊಳ್ಳುವವನು ಜಾತ್ರೆಯಲ್ಲಿ ಅದರ ಕೊಂಬಿನ ಬಣ್ಣವನ್ನಷ್ಟೇ ನೋಡದೆ ನೊಗಕ್ಕೆ ಹೂಡಿ ನೋಡುವನಷ್ಟೆ.

ದುಭಾಷಿಯ ಉದಯ

ಗಣಕಕ್ಕೆ ತಾಳವೇ ಕಷ್ಟವೆಂದಾದ ಮೇಲೆ ತಾಳದ ಕೆಲಸವನ್ನು ಬೇರೊಬ್ಬನಿಗೆ ಒಪ್ಪಿಸುವುದೇ ವಿವೇಕ. ಇಂಟರ್‌ಫೇಸ್ ಕಾರ್ಡಿನ ನಿಜವಾದ ಮಹತ್ತ್ವವಿರುವುದು ಇಲ್ಲಿಯೇ. ಹಿಂದೆ ನಿಜಾಮರ ಕಾಲದ ಕಚೇರಿಗಳಲ್ಲಿ ಉರ್ದು ಬಲ್ಲ ಅಧಿಕಾರಿಗೂ ಕನ್ನಡವೊಂದನ್ನೇ ಬಲ್ಲ ರೈತನಿಗೂ ನಡುವೆ ಎರಡು ನುಡಿಗಳನ್ನೂ ಬಲ್ಲವನೊಬ್ಬನು ಬೇಕಾಗುತ್ತಿದ್ದನು. ಅಧಿಕಾರಿ ಹೇಳಿದುದರ ಸಾರವನ್ನು ಆತನು ಹಿಡಿದು, ರೈತನಿಗೆ ತಿಳಿಯುವಂತೆ ಬಿಡಿಸಿ ಹೇಳುತ್ತಿದ್ದನು. ಕಾರ್ಡೂ ಹಾಗೆಯೇ. ಗಣಕವು ಒಂದು ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಸಾವಿರ ಸಲ ಮಾತ್ರ, “ಇಷ್ಟು ವೇಗದಲ್ಲಿ ನಡೆ” ಎಂದು ಕಾರ್ಡಿಗೆ ಹೇಳುತ್ತದೆ. ಕಾರ್ಡು ಆ ಒಂದು ಮಾತನ್ನು ಸಮನಾದ ಅಂತರಗಳ ಮಿಡಿತಗಳಾಗಿ ಬಿಡಿಸುತ್ತದೆ. ಗಣಕ ಕೆಲವು ಮೈಕ್ರೊಸೆಕೆಂಡು ತಡವಾಗಿ ಮಾತನಾಡಿದರೂ ಮಿಡಿತಗಳ ನಡೆ ಕೆಡದು.

ಹಿಂದಿರುಗುವ ವರದಿಯಲ್ಲಿಯೂ ಇದೇ ಉಪಕಾರ. ಮೋಟಾರಿನ ಹಿಂಬದಿಯ ಎನ್‌ಕೋಡರು ಅದರ ಸುತ್ತುಗಳನ್ನು ಗುರುತುಗಳಾಗಿ ಕಳುಹಿಸುತ್ತದೆ. ಸಾವಿರ ಗೆರೆಗಳ ಎನ್‌ಕೋಡರಿನ ಎರಡು ಸಂಜ್ಞೆಗಳ ಏರಿಳಿವುಗಳನ್ನು ಎಣಿಸಿದರೆ ಸುತ್ತಿಗೆ 4,000 ಎಣಿಕೆ. ಮೋಟಾರು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು, 2,00,000 ಎಣಿಕೆ. ಗಣಕವು ತಾನೇ ಎಣಿಸಹೋದರೆ ಲೆಕ್ಕ ತಪ್ಪುವುದು ಖಂಡಿತ; ಕಾರ್ಡು ಎಣಿಸಿಟ್ಟು, ಗಣಕ ಕೇಳಿದಾಗ ಮೊತ್ತವನ್ನು ಒಪ್ಪಿಸುತ್ತದೆ. ಇಂತಹ ಎಣಿಕೆಗೆ ಹೇಳಿಮಾಡಿಸಿದ ಚಿಪ್ಪು 1980ರ ದಶಕದ ನಡುವಿನಲ್ಲಿ ಬಂದ ಎಫ್‌ಪಿಜಿಎ. ತಯಾರಾದ ಮೇಲೂ ತನ್ನ ಒಳಜೋಡಣೆಯನ್ನು ಬದಲಿಸಿಕೊಳ್ಳಬಲ್ಲ ಈ ಚಿಪ್ಪಿನಲ್ಲಿ ಹತ್ತಾರು ಎಣಿಕೆದಾರರು ಒಬ್ಬರನ್ನೊಬ್ಬರು ಕಾಯದೆ ಏಕಕಾಲದಲ್ಲಿ ದುಡಿಯುತ್ತಾರೆ.

ಕಾರ್ಡಿಗೂ ಗಣಕಕ್ಕೂ ನಡುವಣ ಹಾದಿಗಳಿಗೂ ಒಂದು ಚರಿತ್ರೆಯಿದೆ. ಮುದ್ರಣದ ದ್ವಾರವು ಅಗ್ಗವಾಗಿದ್ದರೂ ಈ ಶತಮಾನದ ಆದಿಯಿಂದ ಹೊಸ ಗಣಕಗಳಲ್ಲಿ ಮೆಲ್ಲಮೆಲ್ಲನೆ ಮಾಯವಾಯಿತು. 1992ರಲ್ಲಿ ಬಂದ ಪಿ.ಸಿ.ಐ. ಹಾದಿಯೂ, 2003ರ ಸುಮಾರಿಗೆ ಅದರ ಸ್ಥಾನಕ್ಕೆ ಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ ಹಾದಿಯೂ ಗಣಕದ ಒಳಗೇ ಕಾರ್ಡನ್ನು ಕೂಡಿಸುವಂತಹವು. ಇವು ಅತಿ ಶೀಘ್ರವಾಗಿವೆ. ಆದರೆ ಒಳಗೆ ಕಾರ್ಡು ಕೂಡಿಸುವ ಸ್ಥಳವುಳ್ಳ ಗಣಕವೇ ಬೇಕು. 1996ರಲ್ಲಿ ಹುಟ್ಟಿದ ಯು.ಎಸ್.ಬಿ. ಎಲ್ಲ ಗಣಕಗಳಲ್ಲಿಯೂ ಇರುವುದರಿಂದ ಮನಸ್ಸನ್ನು ಸೆಳೆಯುತ್ತದೆ. ಆದರೆ ಅದು ಸರದಿಯ ಮೇಲೆ ಮಾತನಾಡಿಸುವ ಪದ್ಧತಿ; ಗಣಕವು ಕರೆದಾಗಲೇ ಸಾಧನವು ಉತ್ತರಿಸಬೇಕು, ಸರದಿ ಯಾವಾಗ ಬರುವುದೆಂಬುದು ಇತರ ಕೆಲಸಗಳನ್ನು ಅವಲಂಬಿಸಿದೆ. ಆದುದರಿಂದ ಚಲನೆಯ ಪೂರ್ತಿ ಯೋಜನೆಯನ್ನು ತಾನೇ ಹೊತ್ತುಕೊಂಡು ಮುಂದಿನ ಅಪ್ಪಣೆಗಳನ್ನು ಕೂಡಿಟ್ಟುಕೊಳ್ಳುವ ಕಾರ್ಡಾದರೆ ಯು.ಎಸ್.ಬಿ. ಸಲ್ಲುವುದು, ಕ್ಷಣಕ್ಷಣದ ತಿದ್ದುಪಡಿಗೆ ಸಲ್ಲದು.

ಈಥರ್‌ನೆಟ್ ತಂತಿಯ ವಿಷಯ ಹೆಚ್ಚು ಆಶಾದಾಯಕವಾಗಿದೆ. ಹತ್ತಾರು ಗಣಕಗಳಿರುವ ಜಾಲದಲ್ಲಿ ಅದು ಸಂತೆಯ ದಾರಿಯಂತೆ ಗಿಜಿಗುಟ್ಟುವುದಾದರೂ, ಒಂದೇ ಗಣಕಕ್ಕೂ ಒಂದೇ ಕಾರ್ಡಿಗೂ ಬೇರೆ ಯಾರಿಗೂ ಪ್ರವೇಶವಿಲ್ಲದ ಖಾಸಗಿ ತಂತಿಯಾಗಿ ಎಳೆದರೆ ಮಿಲಿಸೆಕೆಂಡಿನ ಸುತ್ತಿಗೆ ನಿಷ್ಠೆಯಿಂದ ದುಡಿಯುತ್ತದೆ. 2003ರಲ್ಲಿ ಜರ್ಮನಿಯ ಬೆಕ್‌ಹಾಫ್ ಸಂಸ್ಥೆಯು ಪ್ರಕಟಿಸಿದ ಈಥರ್‌ಕ್ಯಾಟ್ ಪದ್ಧತಿ ಮತ್ತೂ ಚಮತ್ಕಾರದ್ದು. ಅದರಲ್ಲಿ ಸಂದೇಶವು ರೈಲಿನಂತೆ ಒಂದು ಡ್ರೈವಿನಿಂದ ಮತ್ತೊಂದಕ್ಕೆ ಓಡುತ್ತಲೇ ಇರುತ್ತದೆ; ಒಂದೊಂದು ಡ್ರೈವೂ ರೈಲನ್ನು ನಿಲ್ಲಿಸದೆ ತನ್ನ ಪಾಲಿನ ಸರಕನ್ನು ಇಳಿಸಿಕೊಂಡು ತನ್ನ ವರದಿಯನ್ನು ಏರಿಸಿಬಿಡುತ್ತದೆ. ಅನೇಕ ಮೋಟಾರುಗಳು ಒಂದೇ ತಾಳಕ್ಕೆ ನಡೆಯಬೇಕಾದ ದೊಡ್ಡ ಯಂತ್ರಗಳಿಗೆ ಇದು ಯೋಗ್ಯ. ಆದರೆ ಡ್ರೈವುಗಳೆಲ್ಲವೂ ಆ ನುಡಿಯನ್ನು ಬಲ್ಲವೇ ಆಗಿರಬೇಕಾದುದರಿಂದ ಹಳೆಯ ಯಂತ್ರದ ಜೀರ್ಣೋದ್ಧಾರಕ್ಕೆ ಬೆಲೆ ಏರುತ್ತದೆ.

ಆರಿಸುವವರು ಕೇಳಬೇಕಾದ ಪ್ರಶ್ನೆಗಳು

ಈ ಚರಿತ್ರೆಯಿಂದ ನಮ್ಮ ಯುವಕರು ಕೆಲವು ಪ್ರಶ್ನೆಗಳನ್ನು ಕಲಿಯಬಹುದಾಗಿದೆ. ಮೊದಲನೆಯದಾಗಿ, ಮೇಲೆ ಮಾಡಿದಂತೆ ತಿರುಪಿನ ಅಂತರದಿಂದ ತೊಡಗಿ ಸೆಕೆಂಡಿಗೆ ಎಷ್ಟು ಮಿಡಿತ ಬೇಕೆಂಬುದನ್ನು ಕಾಗದದ ಮೇಲೆ ಲೆಕ್ಕಹಾಕಬೇಕು. ತಾಂಡೂರಿನ ಕಲ್ಲಿನ ಹಲಗೆಯ ಮೇಲೆ ಹೂಬಳ್ಳಿ ಕೊರೆಯುವ ನಿಧಾನದ ಯಂತ್ರಕ್ಕೆ ಸಾಲುವ ಸಾಧನವು, ಮೈಕ್ರೊಮೀಟರಿಗೊಂದು ಮಿಡಿತದಂತೆ ನಿಮಿಷಕ್ಕೆ 30 ಮೀಟರು ಓಡುವ ಯಂತ್ರಕ್ಕೆ ಸಾಲದು. ಅಲ್ಲಿ ಸೆಕೆಂಡಿಗೆ ಐದು ಲಕ್ಷ ಮಿಡಿತಗಳು ಬೇಕಾಗುತ್ತವೆ. ಅಗತ್ಯಕ್ಕಿಂತ ಕಡಮೆ ಕೊಳ್ಳುವುದು ನಷ್ಟ. ಅಗತ್ಯಕ್ಕಿಂತ ಬಹಳ ಹೆಚ್ಚು ಕೊಳ್ಳುವುದೂ ಬಡ ಕಾರ್ಖಾನೆಗೆ ನಷ್ಟವೇ.

ಎರಡನೆಯದಾಗಿ, ವಿದ್ಯುತ್ತಿನ ರಕ್ಷಣೆ. ಕಾರ್ಖಾನೆಯ ಸ್ವಿಚ್ಚುಗಳ ಸಂಜ್ಞೆ ಸಾಮಾನ್ಯವಾಗಿ 24 ವೋಲ್ಟಿನದು. ಗಣಕದ ಸಂಜ್ಞೆ 5 ವೋಲ್ಟು, ಇಲ್ಲವೆ 3.3 ವೋಲ್ಟು. ಎರಡನ್ನೂ ನೇರವಾಗಿ ಕೂಡಿಸಿದರೆ ಗಣಕ ಸುಟ್ಟುಹೋಗುವುದು. ನಡುವೆ ಬೆಳಕಿನ ಮೂಲಕ ಮಾತ್ರ ಸಂಜ್ಞೆ ದಾಟಿಸುವ ಆಪ್ಟೊ ಐಸೊಲೇಟರುಗಳಿರಬೇಕು. ದೊಡ್ಡ ಮೋಟಾರುಗಳ ಗದ್ದಲದಲ್ಲಿ ಸಂಜ್ಞೆ ಕಲಕದಂತೆ ಜೋಡಿತಂತಿಗಳನ್ನು ಹೆಣೆದು, ಲೋಹದ ಹೊದಿಕೆಯೊಳಗೆ ಒಯ್ಯಬೇಕು.

ಮೂರನೆಯದಾಗಿ, ಕೆಲಸಗಾರನ ಪ್ರಾಣ. ಗಣಕವು ನಿದ್ದೆಹೋದರೆ ಕಾರ್ಡು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿರಬೇಕು. ಒಳ್ಳೆಯ ಕಾರ್ಡಿನಲ್ಲಿ ಕಾವಲುಗಾರನಂತಹ ಒಂದು ಗಡಿಯಾರವಿರುತ್ತದೆ. ಗೊತ್ತಾದ ಕಾಲದೊಳಗೆ ಗಣಕದಿಂದ ಮಾತು ಬರದಿದ್ದರೆ ಅದು ಚಲನೆಯನ್ನು ತಾನೇ ನಿಲ್ಲಿಸುತ್ತದೆ. ಅದಕ್ಕೂ ಮಿಗಿಲಾಗಿ, ತುರ್ತು ನಿಲುಗಡೆಯ ಕೆಂಪು ಗುಂಡಿಯು ಗಣಕದ ದಯೆಯನ್ನಾಗಲಿ ಕಾರ್ಡಿನ ದಯೆಯನ್ನಾಗಲಿ ಕಾಯಬಾರದು. ಅದು ಮೋಟಾರುಗಳ ಶಕ್ತಿಯನ್ನು ನೇರವಾಗಿ ಕಡಿಯುವಂತಿರಬೇಕು. ಇದರಲ್ಲಿ ಉಳಿತಾಯ ಮಾಡಹೊರಟವರು ಬೆರಳುಗಳನ್ನು ಬೆಲೆಯಾಗಿ ತೆರುತ್ತಾರೆ.

ನಾಲ್ಕನೆಯದಾಗಿ, ಕಾರ್ಡಿನ ವಿವರಗಳು ಬರೆಹದಲ್ಲಿ ತೆರೆದಿವೆಯೇ, ಕೆಟ್ಟರೆ ಮತ್ತೊಂದು ದೊರೆಯುವುದೇ, ನಡೆಸುವ ಕ್ರಮವಿಧಿ ನಮ್ಮ ಕೈಗೆ ನಿಲುಕುವುದೇ ಎಂಬುದನ್ನು ವಿಚಾರಿಸಬೇಕು. ಎರವಿನ ಮಿದುಳಿನಿಂದ ಹಳೆಯ ಯಂತ್ರಗಳಿಗೆ ಒದಗಿದ ಗತಿ ಹೊಸದಕ್ಕೂ ಒದಗಬಾರದಷ್ಟೆ.

ಉಪಸಂಹಾರ

ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ದೊಡ್ಡ ಪದವಿಯೇನೂ ಬೇಕಾಗಿಲ್ಲ. ಗುಣಾಕಾರ ಭಾಗಾಕಾರಗಳು, ಕಾಲದ ಅಳತೆ, ವಿದ್ಯುತ್ತಿನ ಮೊದಲ ಪಾಠ ಇಷ್ಟೇ ಸಾಕು. ಇವನ್ನು ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿಯೇ ಕಲಿತಿದ್ದಾರೆ. ಇಂಗ್ಲಿಷಿನ ಕೈಪಿಡಿಯನ್ನು ಕಂಡು ಹಿಂಜರಿಯುವ ಹುಡುಗನಿಗೆ ವಿಷಯದ ತಿರುಳನ್ನು ಮೊದಲು ತಾಯ್ನುಡಿಯಲ್ಲಿ ತಿಳಿಸಿದರೆ, ಕೈಪಿಡಿಯ ಪದಗಳು ಆಮೇಲೆ ತಾವಾಗಿಯೇ ವಶವಾಗುವುವು. ಕಾರ್ಖಾನೆಯಲ್ಲಿ ದುಡಿಯುವ ಹಿರಿಯರು ತಮ್ಮ ವಿದ್ಯೆಯನ್ನು ಊರಿಗೆ ಬಂದಾಗ ಕಿರಿಯರಿಗೆ ಕನ್ನಡದಲ್ಲಿ ಹೇಳಬೇಕು. ಸಂಘಗಳು ಅದಕ್ಕೆ ಒಂದು ಸಂಜೆಯನ್ನೂ ಒಂದು ಕೋಣೆಯನ್ನೂ ಒದಗಿಸಿಕೊಡಬೇಕು.

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ಪಕ್ಕದ ಊರಿನಲ್ಲಿ ಮರಾಠಿ ಎಂದು ಬಾಳುತ್ತ ಬಂದಿರುವ ಗಡಿನಾಡಿನವರು ಹುಟ್ಟಿನಿಂದಲೇ ದುಭಾಷಿಗಳು. ಒಬ್ಬನ ಮಾತನ್ನು ಮತ್ತೊಬ್ಬನಿಗೆ ತಪ್ಪಿಲ್ಲದೆ, ಹೊತ್ತು ಮೀರದೆ ಮುಟ್ಟಿಸುವ ಗುಣ ನಮ್ಮಲ್ಲಿ ಬೇರೂರಿದೆ. ಗಣಕಕ್ಕೂ ಉಕ್ಕಿಗೂ ನಡುವೆ ನಿಲ್ಲುವ ವಿದ್ಯೆಯು ಬೇಡುವುದೂ ಆ ಗುಣವನ್ನೇ. ನಾರಾಯಣಖೇಡದ, ಜಹೀರಾಬಾದಿನ, ತಾಂಡೂರಿನ ತರುಣರು ಈ ವಿದ್ಯೆಯಲ್ಲಿ ನುರಿತು, ಗುಜರಿಗೆ ಹೊರಟ ಯಂತ್ರಗಳನ್ನು ಮರಳಿ ದುಡಿಮೆಗೆ ಹೂಡುವಂತಾಗಲಿ, ಊರ ಮನೆಗಳಲ್ಲಿ ಒಲೆಯೂ ದೀಪವೂ ಆರದಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.